ಗೇಟಿನ ಮುಂದಿನ ಡಬ್ಬಾ ಅಂಗಡಿ ಮೊದಲು ಸರಿಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಮೇ 31ರ ವಿಶ್ವ ತಂಬಾಕುರಹಿತ ದಿನ ಬಂತೆಂದರೆ ನಮ್ಮ ರಾಯಚೂರು ಜಿಲ್ಲೆಯಲ್ಲಿ ತಂಬಾಕು ವಿರೋಧಿ ಜಾಥಾ. ಶಾಲೆ ಆಗಷ್ಟೇ ಬಾಗಿಲು ತೆರೆದಿರುತ್ತದೆ, ಅರ್ಧ ಮಕ್ಕಳು ಇನ್ನೂ ಊರಿಂದ ಬಂದಿರುವುದಿಲ್ಲ. ಬಂದವರನ್ನು ಬಿಸಿಲಲ್ಲಿ ಬಸ್‌ಸ್ಟ್ಯಾಂಡ್‌ವರೆಗೆ ನಡೆಸಿ, ಪ್ರತಿಜ್ಞೆ ಹೇಳಿಸಿ, ಫೋಟೊ ತೆಗೆದರೆ ಆ ವರ್ಷದ ಕೆಲಸ ಮುಗಿಯಿತು. ಎಷ್ಟೋ ವರ್ಷದಿಂದ ಇದನ್ನೇ ನೋಡಿ ಸಾಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಈಚಿನ ಒಂದು ಜಾಥಾದಲ್ಲಿ ಮಕ್ಕಳು ಡಬ್ಬಾ ಅಂಗಡಿಯವನ ಕೈಗೆ ಗುಲಾಬಿ ಕೊಟ್ಟು, ‘ತಂಬಾಕು ಮಾರಬ್ಯಾಡ್ರಿ’ ಎಂದು ಕೈಮುಗಿದರು. ಅರ್ಧ ಗಂಟೆಯೂ ಆಗಿರಲಿಲ್ಲ. ಅದೇ ಸಮವಸ್ತ್ರದ ಇಬ್ಬರು ಹುಡುಗರು ಬಂದು ಎರಡು ಬಿಡಿ ಸಿಗರೇಟು ಕೇಳಿದರು. ಒಬ್ಬನ ಕಂಕುಳಲ್ಲಿ ಇನ್ನೂ ಘೋಷಣೆಯ ಫಲಕವಿತ್ತು. ದಾರಕ್ಕೆ ಕಟ್ಟಿ ತೂಗುಬಿಟ್ಟ ಲೈಟರಿನಲ್ಲಿ ಹಚ್ಚಿಕೊಂಡರು, ಬಾಯಿ ವಾಸನೆಗೆಂದು ಪೆಪ್ಪರಮೆಂಟೂ ತೆಗೆದುಕೊಂಡರು. ಗುಲಾಬಿ ಆ ಪೆಪ್ಪರಮೆಂಟಿನ ಬರಣಿಯ ಮುಚ್ಚಳದ ಮೇಲೆಯೇ ಬಾಡುತ್ತಿತ್ತು. ವಯಸ್ಸೆಷ್ಟು ಎಂದು ಕೇಳುವವರೇ ಇರಲಿಲ್ಲ.

ಕಾನೂನು ನಿಮಗೆ ಗೊತ್ತೇ ಇದೆ, ರಾಜ್ಯದ ತಿದ್ದುಪಡಿಯಂತೂ ನಿಮ್ಮ ಸದನದಲ್ಲೇ ಪಾಸಾದದ್ದು. ಶಾಲೆಯ ಸುತ್ತ ನೂರು ಗಜದೊಳಗೆ ಮಾರಬಾರದೆಂದು 2003ರ ಕೋಟ್ಪಾ, ಅಂದರೆ ಕೇಂದ್ರದ ತಂಬಾಕು ನಿಯಂತ್ರಣ ಕಾಯ್ದೆಯೇ ಹೇಳಿತ್ತು. 2025ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ತಿದ್ದುಪಡಿ ವಯಸ್ಸಿನ ಮಿತಿಯನ್ನು 18ರಿಂದ 21ಕ್ಕೆ ಏರಿಸಿತು, ಬಿಡಿ ಮಾರಾಟವನ್ನೂ ನಿಷೇಧಿಸಿತು. ಬಿಡಿ ಸಿಗರೇಟನ್ನು ಸಣ್ಣ ಸಂಗತಿ ಎಂದುಕೊಳ್ಳಬೇಡಿ. ಪ್ಯಾಕಿನ ಮೇಲೆ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರುತ್ತದಲ್ಲ, ಒಂದೇ ಸಿಗರೇಟು ಕೊಳ್ಳುವ ಹುಡುಗನ ಕೈಗೆ ಆ ಚಿತ್ರ ಬರುವುದೇ ಇಲ್ಲ. ಇಡೀ ಪ್ಯಾಕಿಗೆ ದುಡ್ಡಿಲ್ಲದವನಿಗೂ ಒಂದು ಸಿಗರೇಟಿಗೆ ಸಾಕಾಗುವಷ್ಟು ಚಿಲ್ಲರೆ ಇರುತ್ತದೆ. ಚಟ ಹತ್ತುವುದು ಆ ಚಿಲ್ಲರೆಯಿಂದಲೇ.

ಹಾಗಾಗಿ ಮೊದಲು ಗೇಟಿನ ಮುಂದಿನ ಅಂಗಡಿ ಸರಿಸಿ. ಅಳತೆಯಲ್ಲೂ ತಪ್ಪಾಗುತ್ತದೆ. ಟೇಪನ್ನು ಮುಖ್ಯ ಗೇಟಿನಿಂದ ರಸ್ತೆಗುಂಟ ಹಿಡಿಯುತ್ತಾರೆ, ಹಿಂದಿನ ಗೋಡೆಗೆ ಒರಗಿಸಿದ ಡಬ್ಬಾ ಲೆಕ್ಕಕ್ಕೇ ಬರುವುದಿಲ್ಲ. ಅಳೆಯಬೇಕಾದದ್ದು ಕಾಂಪೌಂಡಿನ ಹೊರಅಂಚಿನಿಂದ, ಸುತ್ತ ಎಲ್ಲ ದಿಕ್ಕಿಗೂ. ಆ ನೂರು ಗಜದ ಗಡಿ ತೋರಿಸುವ ಹಳದಿ ಗೆರೆಯನ್ನು ರಸ್ತೆಗೆ ಬಳಸುವ ಬಣ್ಣದಲ್ಲೇ ಎಳೆಸಿ, ಗೋಡೆಯ ಬಣ್ಣವಾದರೆ ಒಂದು ಮಳೆಗಾಲ ತಡೆಯುವುದಿಲ್ಲ. ಅಂಗಡಿಯವನ ಹೊಟ್ಟೆಪಾಡೂ ನೋಡಬೇಕು, ನಿಜ. ಗೆರೆಯಾಚೆ ಜಾಗ ಕೊಡಿಸಿ, ಇಲ್ಲವೇ ತಂಬಾಕು ಬಿಟ್ಟು ಚಹಾ, ಬಿಸ್ಕತ್ತು ಮಾರಲಿ.

ಇನ್ನು ಭಾಷಣದ ಮಾತು. ಐವತ್ತನೇ ವಯಸ್ಸಿಗೆ ಬರುವ ಕ್ಯಾನ್ಸರಿಗೆ ಹದಿಮೂರರ ಹುಡುಗ ಹೆದರುವುದಿಲ್ಲ. ದಿಲ್ಲಿ ಮತ್ತು ಚೆನ್ನೈನ 32 ಶಾಲೆಗಳನ್ನು ಆಯ್ದು, ಅದರಲ್ಲಿ ಅರ್ಧ ಶಾಲೆಗಳಲ್ಲಿ 2004ರಿಂದ ಎರಡು ವರ್ಷ ‘ಮೈತ್ರಿ’ ಎಂಬ ತಂಬಾಕು ತಡೆ ಯೋಜನೆ ನಡೆಸಿದರು. ಅಲ್ಲಿ ಓರಗೆಯ ಮಕ್ಕಳೇ ಮುಂದೆ ನಿಂತು ತರಗತಿಯಲ್ಲಿ ಚರ್ಚೆ, ಆಟ ನಡೆಸಿದರು. ಯೋಜನೆ ಇಲ್ಲದ ಶಾಲೆಗಳಲ್ಲಿ ತಂಬಾಕು ಬಳಕೆ ಶೇ 68 ಏರಿತು, ಇದ್ದ ಕಡೆ ಶೇ 17 ಇಳಿಯಿತು. ಅಮೆರಿಕದ ಫ್ಲಾರಿಡಾದಲ್ಲಿ 1998ರಲ್ಲಿ ಶುರುವಾದ ಪ್ರಚಾರವೂ ‘ಸೇದಬೇಡಿ’ ಎಂದು ಬುದ್ಧಿ ಹೇಳಲಿಲ್ಲ, ಕಂಪನಿಗಳು ಮಕ್ಕಳಿಗೆ ಹೇಗೆ ಬಲೆ ಬೀಸುತ್ತವೆ ಎಂಬುದನ್ನು ಬಿಚ್ಚಿಟ್ಟಿತು. ಮೋಸಹೋಗುವುದು ಯಾವ ಹುಡುಗನಿಗೂ ಬೇಡ. ನಮ್ಮ ಕಡೆ ಇದಕ್ಕೆ ಪಾಠ ಕಣ್ಣೆದುರೇ ಇದೆ. 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು ಮಾಡಿ ಜೋಡಿಯಾಗಿ ನೇತುಹಾಕಿದರು. ಆ ಎರಡು ಖಾಲಿ ಚೀಟು ತರಗತಿಗೆ ತಂದು, ಇದು ಯಾಕೆ ಎರಡಾಯಿತು ಎಂದು ಮಕ್ಕಳನ್ನೇ ಕೇಳಲಿ.

ವರ್ಷಕ್ಕೊಂದು ದಿನ ಸಾಲದು. ತಿಂಗಳಿಗೊಂದು ಪಿರಿಯಡ್ ಕೊಡಿಸಿ, ಮುಂದಿನ ವರ್ಷವೂ ಅದೇ ಮಕ್ಕಳೊಂದಿಗೆ ಮುಂದುವರಿಸಿ. ‘ಒಂದ್ ದಮ್ ಎಳಿಲೇ, ಏನಾಗಂಗಿಲ್ಲ’ ಎಂದು ಗೆಳೆಯ ಅಂದಾಗ ಗೆಳೆತನ ಕೆಡದಂತೆ ಬೇಡ ಅನ್ನುವುದು ಹೇಗೆ ಎಂಬುದನ್ನು ಇಬ್ಬಿಬ್ಬರನ್ನು ನಿಲ್ಲಿಸಿ ಆಡಿಸಿ ಕಲಿಸಬೇಕು. ‘ಎಲ್ಲರೂ ಸೇದುತ್ತಾರೆ’ ಎಂಬ ತಪ್ಪು ಲೆಕ್ಕವನ್ನೂ ಒಡೆಯಬೇಕು. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 15ರ ಮಕ್ಕಳಲ್ಲಿ ತಂಬಾಕು ಬಳಸುವವರು ಶೇ 8.5, ಅಂದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಮುಟ್ಟುವುದಿಲ್ಲ. ಆದರೆ ಬಳಸುವವರಲ್ಲಿ ಸಾಮಾನ್ಯವಾಗಿ ಬೀಡಿ ಹತ್ತೂವರೆ ವಯಸ್ಸಿಗೇ, ಜಗಿಯುವ ತಂಬಾಕು ಹತ್ತು ತುಂಬುವ ಮೊದಲೇ ಶುರುವಾಗುತ್ತದೆ ಎಂದೂ ಅದೇ ಸಮೀಕ್ಷೆ ಹೇಳುತ್ತದೆ. ಹಾಗಿರುವಾಗ ಪಿಯು ಕಾಲೇಜಿನಲ್ಲಿ ಬ್ಯಾನರ್ ಕಟ್ಟಿದರೆ ತಡವಾಯಿತು. ಐದನೇ ತರಗತಿಯಿಂದಲೇ ಶುರುವಾಗಬೇಕು. ಆಗಲೇ ಚಟ ಹತ್ತಿದವನಿಗೆ ಬೈದು ಟಿಸಿ ಕೊಡಬೇಡಿ. 1800-11-2356 ಉಚಿತ ಸಹಾಯವಾಣಿಯ ನಂಬರನ್ನು ಶಾಲೆಯ ಗೋಡೆಯ ಮೇಲೆ ಬರೆಸಿ.

ಇವೆಲ್ಲಕ್ಕೂ ಮೊದಲು ಆ ಅಂಗಡಿ ಹೋಗಬೇಕು. ಒಳಗೆ ಬೇಡ ಅನ್ನುವುದನ್ನು ಕಲಿತ ಹುಡುಗ ಹೊರಗೆ ಕಾಲಿಟ್ಟ ಕೂಡಲೇ ಅದೇ ಲೈಟರು ತೂಗುತ್ತಿದ್ದರೆ ಕಲಿಸಿದ್ದು ಎಷ್ಟು ದಿನ ನಿಲ್ಲುತ್ತದೆ? ತಾಲೂಕಿನ ಅಭಿವೃದ್ಧಿ ಕೆಲಸ ಪರಿಶೀಲಿಸುವ ಕೆಡಿಪಿ ಸಭೆಗೆ ನೀವೇ ಅಧ್ಯಕ್ಷರು. ಮುಂದಿನ ಸಭೆಗೆ ಪ್ರತಿ ಶಾಲೆಯ ಸುತ್ತಲಿನ ತಂಬಾಕು ಅಂಗಡಿಗಳ ಪಟ್ಟಿ ತರಿಸಿ. ಜಾಥಾಗಳ ಸಂಖ್ಯೆ ಬೇಡ. ಯಾವ ಅಂಗಡಿ ಯಾವ ತಾರೀಖಿಗೆ ಗೆರೆಯಾಚೆ ಹೋಯಿತು ಎಂಬುದನ್ನು ಮಾತ್ರ ಕೇಳಿ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ
ರಾಯಚೂರು ಜಿಲ್ಲೆ