ಹಾರ್ಮೋನ್ ಚಿಕಿತ್ಸೆ ಕೇಳಲು ಹುಬ್ಬಳ್ಳಿಗೇ ಹೋಗಬೇಕೇ?

ಸಂಪಾದಕರೇ,

ನನಗೆ 47, ಮುಟ್ಟು ನಿಲ್ಲುವ ಹೊತ್ತು. ಎರಡು ವರ್ಷದಿಂದ ಮುಟ್ಟು ಒಮ್ಮೆ ಇಪ್ಪತ್ತು ದಿನಕ್ಕೆ, ಒಮ್ಮೆ ಎರಡು ತಿಂಗಳಿಗೆ. ಶಿರಸಿಯ ಮಳೆಗಾಲದ ಥಂಡಿಯಲ್ಲೂ ರಾತ್ರಿ ಮೂರಕ್ಕೆ ಎದ್ದು, ಬೆವರಿಗೆ ಒದ್ದೆಯಾದ ನೈಟಿ ಬದಲಿಸಿ, ಕಿಟಕಿ ತೆಗೆದು ಕೂರುತ್ತಿದ್ದೆ. ‘ವಯಸ್ಸಾಯ್ತಲ್ಲ, ಎಲ್ಲರಿಗೂ ಆಗೋದೇ’ ಎಂದು ಮೊದಲು ನೋಡಿದ ವೈದ್ಯರು ಕ್ಯಾಲ್ಸಿಯಂ ಮಾತ್ರೆ ಬರೆದು ಕಳಿಸಿದರು. ಅವರಿಗೂ ಒಂದು ವಾರ ಈ ನಿದ್ದೆ ಸಿಗಬೇಕಿತ್ತು.

ಕೊನೆಗೆ ಹುಬ್ಬಳ್ಳಿ ಬಸ್ಸು ಹತ್ತಿದೆ. ಅಲ್ಲಿ ಬಿಪಿ ನೋಡಿ, ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಇತ್ತಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಾ ಎಂದೆಲ್ಲ ಕೇಳಿದ ಮೇಲೆ ಹಾರ್ಮೋನ್ ಶುರು ಮಾಡಿದರು. ಮೊದಲ ಮಾತ್ರೆಗೆ ಬರೀ ತಲೆನೋವು. ಈಗ ತೋಳಿಗೆ ಹಚ್ಚುವ ಈಸ್ಟ್ರೋಜನ್ ಹಾರ್ಮೋನಿನ ಜೆಲ್, ಅದಕ್ಕೆ ರಕ್ತ ಹೆಪ್ಪುಗಟ್ಟುವ ಭಯ ಮಾತ್ರೆಗಿಂತ ಕಡಿಮೆ. ಗರ್ಭಕೋಶ ಇರುವುದರಿಂದ, ಈಸ್ಟ್ರೋಜನ್‌ನಿಂದ ಅದರ ಒಳಪದರ ದಪ್ಪವಾಗದಂತೆ ರಾತ್ರಿ ಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನ್. ಸರಿಯಾದ ಪ್ರಮಾಣ ಸಿಗಲು ನಾಲ್ಕು ತಿಂಗಳು ಬೇಕಾಯ್ತು.

ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ಮಧ್ಯಾಹ್ನ ಮುಟ್ಟು ನಿಲ್ಲುವ ಹೊತ್ತಿನ ಈ ತೊಂದರೆಗಳಿಗೇ ಇಡಬಹುದಲ್ವಾ? ಮೊನ್ನೆ ಅಂಕೋಲೆಯಿಂದ ನಾದಿನಿ ಫೋನ್ ಮಾಡಿ, ‘ಅತ್ತಿಗೆ, ಆ ಜೆಲ್ ಹೆಸರು ವಾಟ್ಸಾಪ್ ಮಾಡಿ, ಸುಮ್ನೆ ತಗೊಳ್ತೇನೆ’ ಎಂದಳು. ಕಳಿಸಲಿಲ್ಲ. ಅವಳಿಗೆ ಬಿಪಿ ಜಾಸ್ತಿ, ಮೊದಲು ಡಾಕ್ಟರ್‌ಗೆ ತೋರಿಸು ಎಂದೆ.

– ಓದುಗಿ, ಶಿರಸಿ