ಎಷ್ಟು ಸಲ ಓದಬೇಕು ಅಂತ ಕೇಳಿದ್ದೆಯಲ್ಲ, ಪುಟ್ಟಿ

ಪ್ರೀತಿಯ ಪುಟ್ಟಿಗೆ, ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಮೆಸೇಜ್ ರಾತ್ರಿ ಎರಡು ಗಂಟೆಗೆ ಬಂದಿತ್ತು. ನಾನು ನೋಡಿದ್ದು ಬೆಳಗ್ಗೆ. ಬರೆದ ಮಾತಿಗಿಂತ ಆ ಹೊತ್ತೇ ನನಗೆ ಜಾಸ್ತಿ ಹೇಳಿತು. ಕೆಲಸ ಹೋಗಿದೆ. ಮಗುವಿಗೆ ಜ್ವರ ಬಿಡುತ್ತಿಲ್ಲ. ಫೋನ್ ತೆಗೆದರೆ ಯುದ್ಧದ ಸುದ್ದಿ. ಅದು ಸಾಲದು ಅಂತ ಯಾರೋ ಒಬ್ಬರು "ನಿಮ್ಮ ಮನೆಯ ಮೇಲೆ ಶಾಪ ಇದೆ" ಅಂದುಬಿಟ್ಟಿದ್ದಾರೆ. ಇಷ್ಟೆಲ್ಲ ಹೇಳಿ ಕೊನೆಗೆ ನೀನು ಕೇಳಿದ್ದು ಒಂದೇ. ರಕ್ಷಣೆಗೆ ಬೈಬಲಿನ ಯಾವ ಕೀರ್ತನೆ ಓದಬೇಕು, ದಿನಕ್ಕೆ ಎಷ್ಟು ಸಲ?

ಎಷ್ಟು ಸಲ ಅನ್ನುವ ಮಾತು ನನ್ನನ್ನು ಚುಚ್ಚಿತು. ನಾನೂ ಹಾಗೆ ಲೆಕ್ಕ ಇಟ್ಟವನೇ.

ನಿನ್ನ ದೊಡ್ಡಮ್ಮ ಹಾಸಿಗೆ ಹಿಡಿದಾಗ 91ನೇ ಕೀರ್ತನೆಯನ್ನು ಒಂದು ಹಾಳೆಯಲ್ಲಿ ಬರೆದು ಅವಳ ದಿಂಬಿನ ಕೆಳಗೆ ಇಟ್ಟಿದ್ದೆ. ದಿನಕ್ಕೆ ಏಳು ಸಲ ಓದುತ್ತಿದ್ದೆ. ಏಳೇ ಯಾಕೆ ಅಂತ ಕೇಳಬೇಡ, ಸತ್ಯವೇದಕ್ಕೆ ಒಪ್ಪುವ ಸಂಖ್ಯೆ ಅನಿಸಿತ್ತು, ಅಷ್ಟೇ. ಒಂದು ದಿನ ಕೂತಲ್ಲೇ ನಿದ್ದೆ ಬಂದು ಆರಕ್ಕೇ ನಿಂತುಹೋಯಿತು. ಅದೇ ವಾರ ಅವಳು ಹೋದಳು. ಆ ಏಳನೆಯದನ್ನೂ ಓದಿದ್ದರೆ ಉಳಿಯುತ್ತಿದ್ದಳೇನೋ ಅಂತ ತಿಂಗಳುಗಟ್ಟಲೆ ಒಳಗೊಳಗೇ ಕೊರಗಿದೆ. ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಆಮೇಲೆ ಬಹಳ ದಿನ ಆ ಕೀರ್ತನೆಯ ಪುಟ ತೆಗೆಯಲಿಲ್ಲ. ಕೋಪ ಇತ್ತು. ಕೊನೆಗೆ ಅದು ಮತ್ತೆ ಕಣ್ಣಿಗೆ ಬಿದ್ದದ್ದು ಬೇರೆ ಕಡೆ, ಮತ್ತಾಯನ ಸುವಾರ್ತೆಯ ನಾಲ್ಕನೇ ಅಧ್ಯಾಯದಲ್ಲಿ. ಸೈತಾನ ಯೇಸುವನ್ನು ದೇವಾಲಯದ ತುದಿಗೆ ಕರೆದುಕೊಂಡು ಹೋಗಿ "ಕೆಳಗೆ ಧುಮುಕು" ಅನ್ನುತ್ತಾನೆ. ದೂತರು ನಿನ್ನನ್ನು ಕೈಯಲ್ಲಿ ಎತ್ತಿಕೊಳ್ಳುತ್ತಾರೆ, ಕಾಲು ಕಲ್ಲಿಗೆ ತಗಲುವುದಿಲ್ಲ ಅಂತ ಬರೆದಿದೆಯಲ್ಲ ಅಂತ ನೆನಪಿಸುತ್ತಾನೆ. ಎಲ್ಲಿ ಬರೆದಿದೆ? 91ನೇ ಕೀರ್ತನೆಯಲ್ಲಿ! ಅದನ್ನು ತಾಯತದ ಹಾಗೆ ಬಳಸಿ ತೋರಿಸಿದವನು ಅವನೇ. ಯೇಸು ಧುಮುಕಲಿಲ್ಲ. ದೇವರನ್ನು ಪರೀಕ್ಷಿಸಬಾರದು ಅಂದುಬಿಟ್ಟ. ಇನ್ನೊಂದು ಮಾತು. ಆ ಕೀರ್ತನೆಯಲ್ಲಿ ಅದರ ಮುಂದಿನದೇ ಸರ್ಪವನ್ನು ತುಳಿಯುವ ವಚನ, ಸರ್ಪ ಅಂದರೆ ಸೈತಾನನೇ ತಾನೇ. ಸೈತಾನ ಅದಕ್ಕೆ ಮುಂಚೆಯೇ ನಿಲ್ಲಿಸಿದ್ದಾನೆ. ಜಾಣ.

ಅವತ್ತು ಕೀರ್ತನೆಯನ್ನು ಮೊದಲಿಂದ ಮತ್ತೆ ಓದಿದೆ. ನೂರಾರು ಸಲ ಬಾಯಲ್ಲಿ ಹೇಳಿದ್ದರೂ 15ನೇ ವಚನ ನನ್ನ ಕಿವಿಗೇ ಬಿದ್ದಿರಲಿಲ್ಲ ನೋಡು. ಇಕ್ಕಟ್ಟಿನಲ್ಲಿ ನಾನು ಅವನ ಸಂಗಡ ಇರುತ್ತೇನೆ ಅನ್ನುತ್ತಾನೆ ದೇವರು. ಅಂದರೆ ಇಕ್ಕಟ್ಟು ಇರುತ್ತದೆ ಅಂತ ಕೀರ್ತನೆಯೇ ಒಪ್ಪಿಕೊಂಡಿದೆ ಅಲ್ವಾ?

ಸಂಗಡ ಇರುವುದು ಸರಿ, ಅದರಿಂದ ನನಗೇನು ಬಂತು ಅಂತ ನೀನು ಕೇಳಬಹುದು. ನಾನೂ ಕೇಳಿದ್ದೆ. ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ ತೆಗೆ. ಶುರುವಿನಲ್ಲೇ ಅರಸನಾದ ಹೆರೋದ ಯೇಸುವಿನ ಶಿಷ್ಯ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಒಂದೇ ಸಾಲು, ಮುಗಿಯಿತು. ಆಮೇಲೆ ಇನ್ನೊಬ್ಬ ಶಿಷ್ಯ ಪೇತ್ರನನ್ನು ಹಿಡಿಯುತ್ತಾನೆ. ಪೇತ್ರನನ್ನು ದೂತ ಬಂದು ಬಿಡಿಸುತ್ತಾನೆ. ಇಬ್ಬರೂ ಒಂದೇ ಕೆರೆಯಲ್ಲಿ ಜೊತೆಯಾಗಿ ಮೀನು ಹಿಡಿದವರು. ಇಬ್ಬರನ್ನೂ ಯೇಸುವೇ ಕರೆದದ್ದು. ಯಾಕೋಬನಿಗಾಗಿ ಸಭೆಯವರು ಪ್ರಾರ್ಥಿಸದೇ ಇದ್ದಿರುತ್ತಾರಾ? ಒಬ್ಬ ಹೋದ, ಒಬ್ಬ ಉಳಿದ. ಯಾಕೆ ಅಂತ ಆ ಅಧ್ಯಾಯ ಒಂದು ಮಾತೂ ಹೇಳುವುದಿಲ್ಲ. ಯಾಕೋಬನ ನಂಬಿಕೆ ಕಡಿಮೆಯಿತ್ತು ಅಂತಲೂ ಹೇಳುವುದಿಲ್ಲ. ನನ್ನ ಆರು ಸಲದ ಲೆಕ್ಕ ಅಲ್ಲಿಗೆ ಬಿದ್ದುಹೋಯಿತು.

ಆದರೆ ನಾನು ಹೇಳಬೇಕೆಂದಿರುವುದು ದೂತನ ವಿಷಯ ಅಲ್ಲ, ಪೇತ್ರನ ನಿದ್ದೆಯ ವಿಷಯ. ಬೆಳಗಾದರೆ ಅವನನ್ನು ಜನರ ಮುಂದೆ ಎಳೆದು ತರುವವರಿದ್ದರು. ಕಾವಲಿಗೆ ನಾಲ್ಕು ನಾಲ್ಕು ಜನರ ನಾಲ್ಕು ಗುಂಪು, ಒಟ್ಟು 16 ಸಿಪಾಯಿಗಳು. ಕೈಗೆ ಎರಡು ಸರಪಣಿ. ಆ ಕಡೆ ಒಬ್ಬ, ಈ ಕಡೆ ಒಬ್ಬ. ನಡುವೆ ಅವನು ಮಲಗಿ ನಿದ್ದೆ ಮಾಡುತ್ತಿದ್ದ! ದೂತ ಪಕ್ಕೆ ತಟ್ಟಿ ಎಬ್ಬಿಸಬೇಕಾಯಿತು. ಬಿಡುಗಡೆ ಆಗುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ. ಯಾಕೋಬನಿಗೆ ಏನಾಯಿತು ಅಂತ ಮಾತ್ರ ಚೆನ್ನಾಗಿ ಗೊತ್ತಿತ್ತು.

ಇದೇ ಪೇತ್ರ ಹಿಂದೆ ಬಿರುಗಾಳಿಯ ರಾತ್ರಿ ದೋಣಿಯಲ್ಲಿದ್ದ. ಯೇಸು ತಲೆದಿಂಬಿಗೆ ಒರಗಿ ಮಲಗಿದ್ದ. ಶಿಷ್ಯರೆಲ್ಲ ಗಾಬರಿಯಾಗಿ, ನಾವು ಮುಳುಗುವುದು ನಿನಗೆ ಚಿಂತೆಯೇ ಇಲ್ಲವಾ ಅಂತ ಅವನನ್ನು ಎಬ್ಬಿಸಿದರು. ಅವತ್ತು ಗಾಬರಿಯಾದವನು ಇವತ್ತು ಸರಪಣಿಯಲ್ಲಿ ಮಲಗಿದ್ದಾನೆ. ನಡುವೆ ಎಷ್ಟೋ ವರ್ಷ ಕಳೆದಿದೆ, ಎಷ್ಟೋ ಸಲ ಎಡವಿದ್ದಾನೆ, ಗುರುವನ್ನು ಅರಿಯೆ ಅಂತ ಮೂರು ಸಲ ಹೇಳಿದ್ದಾನೆ. ಆ ನಿದ್ದೆ ಒಂದೇ ದಿನಕ್ಕೆ ಬಂದದ್ದಲ್ಲ. ನಿನಗೂ ಈ ವಾರವೇ ಬರಬೇಕು ಅಂತ ಹಟ ಮಾಡಬೇಡ.

ಅಪೊಸ್ತಲ ಪೌಲ ಸೆರೆಯಲ್ಲಿ ಕೂತು ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದದ್ದೂ ಇದನ್ನೇ. ದೇವರ ಶಾಂತಿ ನಿಮ್ಮ ಹೃದಯವನ್ನೂ ಯೋಚನೆಗಳನ್ನೂ ಕಾಯುತ್ತದೆ ಅನ್ನುತ್ತಾನೆ. ಅಲ್ಲಿ 'ಕಾಯುವುದು' ಅನ್ನುವುದಕ್ಕೆ ಗ್ರೀಕಿನಲ್ಲಿ ಅವನು ಬಳಸಿರುವುದು ಸಿಪಾಯಿಗಳ ಪದ, ಕೋಟೆಗೆ ಪಹರೆ ಹಾಕುವ ಪದ. ಸುತ್ತ ಪಹರೆಯವರನ್ನು ಇಟ್ಟುಕೊಂಡೇ ಅದನ್ನು ಬರೆದಿದ್ದಾನೆ. ಹೊರಗಿನ ಪಹರೆ ಅವನನ್ನು ಒಳಗಿಟ್ಟಿತು. ಒಳಗಿನ ಪಹರೆ ಭಯವನ್ನು ಹೊರಗಿಟ್ಟಿತು.

ಇನ್ನು ಆ ಶಾಪದ ಮಾತು. ಅದಕ್ಕೆ ಜಾಸ್ತಿ ಕಾಗದ ಹಾಳು ಮಾಡಲ್ಲ. ಕ್ರಿಸ್ತನು ನಮಗೋಸ್ಕರ ತಾನೇ ಶಾಪವಾದನು ಅಂತ ಗಲಾತ್ಯದವರಿಗೆ ಬರೆದ ಪತ್ರದಲ್ಲಿದೆ, ಮೂರನೇ ಅಧ್ಯಾಯ. ಅದರ ಮೇಲೆ ಇನ್ನೊಂದು ಶಾಪವನ್ನು ಕಂಡುಹಿಡಿದು, ತೆಗೆಯುವುದಕ್ಕೆ ಎಣ್ಣೆ ಬಾಟಲಿಗೆ ದುಡ್ಡು ಕೇಳುವವರಿಗೆ ಬಾಗಿಲು ಹಾಕು. ದೇವರ ವರವನ್ನು ದುಡ್ಡಿಗೆ ಕೇಳಿದ ಸೀಮೋನನಿಗೆ ಪೇತ್ರ ಏನಂದ ಅಂತ ಓದು. ನಿನ್ನ ಹಣ ನಿನ್ನ ಜೊತೆಗೇ ಹಾಳಾಗಲಿ ಅಂದ. ನಾನಾದರೆ ಅಷ್ಟು ಮೆತ್ತಗೆ ಹೇಳುತ್ತಿರಲಿಲ್ಲ.

ಮಗುವನ್ನು ನಾಳೆಯೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗು. ಪ್ರಾರ್ಥಿಸುತ್ತಿದ್ದೇವೆ, ಕಾಯೋಣ ಅನ್ನುವವರ ಮಾತು ಕೇಳಬೇಡ. ಸುವಾರ್ತೆ ಬರೆದ ಲೂಕನೇ ವೈದ್ಯ. ನಿನ್ನ ನಿದ್ದೆ ಹೀಗೇ ಕೆಟ್ಟಿದ್ದರೆ ನೀನೂ ತೋರಿಸಿಕೋ. ಪ್ರವಾದಿ ಎಲೀಯ ಸಾಕಪ್ಪಾ, ಪ್ರಾಣ ತೆಗೆದುಕೋ ಅಂತ ಮರದ ಕೆಳಗೆ ಬಿದ್ದುಕೊಂಡಾಗ ದೇವದೂತ ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಇಟ್ಟು "ಎದ್ದು ತಿನ್ನು" ಅಂದ. ಅವನು ತಿಂದು ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ನೀನು ಊಟ ಮಾಡುತ್ತಿದ್ದೀಯ ತಾನೇ?

ಕೀರ್ತನೆ ಓದಬೇಡ ಅಂತ ನಾನು ಹೇಳುತ್ತಿಲ್ಲ, ಓದು. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ ತನ್ನ ಮಠಗಳಿಗೆ ಬರೆದ ನಿಯಮದಲ್ಲಿ ಮಲಗುವ ಮುಂಚಿನ ಪ್ರಾರ್ಥನೆಗೆ 4, 91, 134 ಈ ಮೂರು ಕೀರ್ತನೆಗಳನ್ನು ಇಟ್ಟಿದ್ದಾನೆ. ದಿನವೂ ಅವೇ ಮೂರು. ಒಂದೊಂದು ಸಲ ಸಾಕು. ಫೋನನ್ನು ಬೇರೆ ಕೋಣೆಯಲ್ಲಿಟ್ಟು, ನಿಧಾನವಾಗಿ, ಬಾಯಿಬಿಟ್ಟು ಹೇಳು. ನಡುವೆ ನಿದ್ದೆ ಬಂದರೆ ಬರಲಿ, ಅದಕ್ಕೇ ಇರುವುದು ಅವು. ಹೇಳುವುದಕ್ಕೂ ಮನಸ್ಸಿಲ್ಲದ ರಾತ್ರಿ 88 ತೆಗೆ. ಅದು ಕತ್ತಲೆ ಅನ್ನುವಲ್ಲಿಗೇ ಮುಗಿಯುತ್ತದೆ. ಸಮಾಧಾನದ ಒಂದು ಸಾಲೂ ಕೊನೆಗಿಲ್ಲ. ಅದೂ ಪ್ರಾರ್ಥನೆಯೇ. ದೊಡ್ಡಮ್ಮ ಹೋದ ವರ್ಷ ನನ್ನಿಂದ ಆದದ್ದು ಅದೊಂದೇ.

ಡಾಕ್ಟರ್ ಏನಂದರು ಅಂತ ನಾಳೆ ಫೋನ್ ಮಾಡು. ಮತ್ತೆ ರಾತ್ರಿ ಎರಡಕ್ಕೆ ಎಚ್ಚರವಾದರೆ ಮೆಸೇಜ್ ಬೇಡ, ಕರೆಯೇ ಮಾಡು. ಇವತ್ತಿನಿಂದ ನನ್ನ ಫೋನ್ ದಿಂಬಿನ ಪಕ್ಕದಲ್ಲೇ ಇರುತ್ತದೆ.

ನಿನ್ನ,
ದೊಡ್ಡಪ್ಪ