ಬದುಕಿ ಬಂದಿದ್ದಕ್ಕೆ ಕ್ಲೈಮ್ ಇಲ್ವಂತೆ

ಸಂಪಾದಕರೇ,

ಮಗಳ ಬಾಣಂತನಕ್ಕೆ ಅಂತ ನಾನು, ನನ್ನ ಹೆಂಡ್ತಿ ಹೋದ ವರ್ಷ ನ್ಯೂಜೆರ್ಸಿಗೆ ಹೋಗಿದ್ವಿ, ನನಗೆ 71, ಅವಳಿಗೆ 66, ಇಬ್ರಿಗೂ ಬಿಪಿ, ಅವಳಿಗೆ ಶುಗರ್ ಬೇರೆ. ಅಂಟಿನುಂಡೆ, ಚಟ್ನಿಪುಡಿ ಎಲ್ಲಾ ತೂಕ ಹಾಕಿ ಹಾಕಿ ಪ್ಯಾಕ್ ಮಾಡಿದ್ವಿ, ಇನ್ಶೂರೆನ್ಸ್ ಮಾತ್ರ ಏಜೆಂಟ್ "50 ಸಾವಿರ ಡಾಲರ್ ಕವರ್ ಇದೆ ಸಾರ್, ತಲೆ ಕೆಡಿಸ್ಕೋಬೇಡಿ" ಅಂದ, ನಾವೂ ಕೆಡಿಸ್ಕೊಳ್ಳಲಿಲ್ಲ.

ಮೂರನೇ ವಾರ ಅವಳು ತಲೆ ಸುತ್ತಿ ಬಾತ್‌ರೂಮಲ್ಲಿ ಬಿದ್ಲು. ಎಮರ್ಜೆನ್ಸಿ, ಸ್ಕ್ಯಾನು, ಒಂದು ರಾತ್ರಿ ಆಸ್ಪತ್ರೆ, ಮಾರನೇ ದಿನ ಮನೆ. ಬಿಲ್ಲು 11 ಸಾವಿರ ಡಾಲರ್! ಕ್ಲೈಮ್ ಹಾಕಿದ್ರೆ ಕಂಪನಿಯೋರು, ಬಿಪಿ ಮೊದಲೇ ಇತ್ತು, ಮೊದಲೇ ಇರೋ ಕಾಯಿಲೆಗೆ ಪ್ರಾಣಾಪಾಯ ಆದ್ರೆ ಮಾತ್ರ ಕವರ್, ಇದು ಅಂಥದ್ದಲ್ಲ ಅಂತ ಬರೆದ್ರು. ಆಮೇಲೆ ಕನ್ನಡಕ ಹಾಕ್ಕೊಂಡು ಕೂತು ಪಾಲಿಸಿ ಓದ್ತೀನಿ, ಅರವತ್ತು ದಾಟಿದೋರಿಗೆ ರೂಮಿಗಿಷ್ಟು, ಟೆಸ್ಟಿಗಿಷ್ಟು, ಆಪರೇಷನ್ನಿಗಿಷ್ಟು ಅಂತ ಒಂದೊಂದಕ್ಕೂ ಸಬ್ ಲಿಮಿಟ್, 50 ಸಾವಿರ ಬರೀ ಬೋರ್ಡಿಗೆ. ದುಡ್ಡು ಅಳಿಯ ಕಂತಲ್ಲಿ ಕಟ್ತಿದಾನೆ, ಅವನು ಒಂದ್ಮಾತು ಅಂದಿಲ್ಲ, ಅದೇ ಜಾಸ್ತಿ ಚುಚ್ಚುತ್ತೆ.

ನಮ್ ರಾಜಾಜಿನಗರದ ಪಾರ್ಕಲ್ಲಿ ಬೆಳಗ್ಗೆ ವಾಕ್ ಬರೋರಲ್ಲಿ ಅರ್ಧ ಜನಕ್ಕೆ ಮಕ್ಕಳು ಅಲ್ಲೇ ಇರೋದು. ಇಲ್ಲಿನ ಮೆಡಿಕ್ಲೇಮ್ ಅಲ್ಲೂ ನಡೆಯುತ್ತೆ ಅಂದ್ಕೊಂಡೋರೂ ಇದಾರೆ, ಸಾಮಾನ್ಯವಾಗಿ ನಡೆಯಲ್ಲ ಸ್ವಾಮಿ. 70 ದಾಟಿದೋರಿಗೆ ಅಂತ 2024ರಲ್ಲಿ ಕೇಂದ್ರ ತಂದ 5 ಲಕ್ಷದ ಆಯುಷ್ಮಾನೂ ದೇಶದೊಳಗೆ ಮಾತ್ರ, ಅದೂ ಅವರ ಲಿಸ್ಟಲ್ಲಿರೋ ಆಸ್ಪತ್ರೇಲಿ. ಯುರೋಪಿನ ಷೆಂಗೆನ್ ವೀಸಾಗೆ 30 ಸಾವಿರ ಯೂರೋ ಕವರ್ ತೋರಿಸ್ಲೇಬೇಕು, ಅಮೆರಿಕದ ವಿಸಿಟರ್ ವೀಸಾಗೆ ಯಾರೂ ಕೇಳಲ್ಲ, ಅದಕ್ಕೇ ಕೆಲವರು ಏನೂ ಇಲ್ದೇ ಹಂಗೇ ವಿಮಾನ ಹತ್ತುತಾರೆ. ಪ್ರೀಮಿಯಂ ಕಮ್ಮಿ ಆಗ್ಲಿ ಅಂತ ಬಿಪಿ ಮುಚ್ಚಿಡೋರೂ ಉಂಟು, ಅದಂತೂ ಕಂಪನಿ ಕೈಗೆ ನಾವೇ ಕೋಲು ಕೊಟ್ಟಂಗೆ.

ಆರೋಗ್ಯ ವಿಮೆಗೆ 2024ರ ಜನವರಿಯಿಂದ ಏನು ಕವರ್, ಏನಿಲ್ಲ ಅಂತ ಸಾರಾಂಶದ ಹಾಳೆ ಕೊಡಬೇಕು, ಕೇಳಿದ್ರೆ ನಮ್ಮ ಭಾಷೆಯಲ್ಲೇ ಕೊಡಬೇಕು ಅಂತ ವಿಮಾ ಪ್ರಾಧಿಕಾರದ ರೂಲ್ ಇದೆ. ಟ್ರಾವೆಲ್ ಪಾಲಿಸಿ ಮಾರೋವಾಗ ವಯಸ್ಸಾದೋರಿಗೆ ಆ ಹಾಳೆಯನ್ನ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ದುಡ್ಡು ಕಟ್ಟೋಕ್ ಮುಂಚೆನೇ ಕೈಗೆ ಕೊಡ್ಲಿ, ಸಬ್ ಲಿಮಿಟ್ ಮೊದಲನೇ ಸಾಲಲ್ಲೇ ಇರ್ಲಿ.

ಮೊಮ್ಮಗನ ಹುಟ್ಟುಹಬ್ಬಕ್ಕೆ ಮತ್ತೆ ಕರೀತಿದಾರೆ. ಈ ಸಲ ಮೂರು ಕಡೆ ಕನ್ನಡದ ಹಾಳೆ ಕೇಳ್ದೆ, ಒಬ್ಬ ಹುಡುಗ ನಕ್ಕ, "ಸಾರ್, ಇದುವರ್ಗೂ ಯಾರೂ ಕೇಳಿಲ್ಲ" ಅಂದ.

— ನಿವೃತ್ತ ನೌಕರ, ರಾಜಾಜಿನಗರ, ಬೆಂಗಳೂರು